ಓಣಿಯ ಕೊನೆಯ ನಳ್ಳಿ

ಬಾಯಲ್ಲಿ ನೀರಿಟ್ಟುಕೊಂಡಾಗ ಅವರ ಎಡಗೆನ್ನೆ ಮಾತ್ರ ಉಬ್ಬುತ್ತಿತ್ತು. ಬಲದವಡೆಯ ಎರಡು ಹಲ್ಲು ಹುಳುಕಾಗಿದ್ದರಿಂದ ಆ ಕಡೆಗೆ ತಣ್ಣೀರು ತಾಗಿದರೆ ಜುಂ ಎನ್ನುತ್ತದೆ ಎಂದು ಅವರೇ ಹೇಳುತ್ತಿದ್ದರು. ಕಣ್ಣು ಮುಚ್ಚಿರುತ್ತಿದ್ದರು. ಕೈಯಲ್ಲಿ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀ, ಹೆಗಲ ಮೇಲೆ ಮಾಸಿದ ಬೈರಾಸು. ಬೋಳಾರದ ಒಂದು ಓಣಿಯ ತುದಿಯಲ್ಲಿ, ಬೆಳಗಿನ ಹೊತ್ತು, ಏಳೆಂಟು ಹೆಂಗಸರು ಕೊಡಪಾನ ಹಿಡಿದು ಸಾಲಾಗಿ ನಿಂತು ಈ ಮನುಷ್ಯನ ಕೆನ್ನೆಯನ್ನೇ ನೋಡುತ್ತಿದ್ದುದನ್ನು ಮೊದಲ ಸಲ ಕಂಡಾಗ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವರು ನೀರನ್ನು ನುಂಗಿ, ಕಣ್ಣು ತೆರೆದು, ತುಳುವಿನಲ್ಲಿ "ಎಡ್ಡೆ ಉಂಡು" ಎಂದರು. ಚೆನ್ನಾಗಿದೆ ಎಂದು ಅರ್ಥ. ಆಗ ಮೊದಲ ಕೊಡಪಾನ ನಳ್ಳಿಯ ಕೆಳಗೆ ಬಂತು.

ಬೋಳಾರದ ಆ ಕಡೆ ಎಲ್ಲರೂ ಅವರನ್ನು ನೀರಿನ ಅಣ್ಣ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ಅವರು ವಾಲ್ವ್‌ಮ್ಯಾನ್. ಅಂದರೆ ಗುಡ್ಡೆಯ ಮೇಲಿನ ಟ್ಯಾಂಕಿಯಿಂದ ಇಳಿಯುವ ಕುಡಿಯುವ ನೀರನ್ನು ಯಾವ ಓಣಿಗೆ ಎಷ್ಟು ಹೊತ್ತು ಬಿಡಬೇಕೋ ಅಷ್ಟು ಬಿಟ್ಟು, ಮತ್ತೆ ಮುಚ್ಚಿ, ಮುಂದಿನ ಓಣಿಗೆ ಹೋಗುವುದು. ಮೂವತ್ತು ವರ್ಷದಿಂದ ಇದೇ ಕೆಲಸ. ನೆಲದಡಿಯಲ್ಲಿ ಯಾವ ಪೈಪು ಎಲ್ಲಿ ತಿರುಗುತ್ತದೆ, ಯಾವ ಜಾಯಿಂಟು ಯಾವ ಮಳೆಗಾಲದಲ್ಲಿ ಕೈಕೊಟ್ಟಿತ್ತು ಎಂಬುದೆಲ್ಲ ಅವರ ತಲೆಯಲ್ಲಿತ್ತು. ಕಾಗದದ ಮೇಲೆ ಅದರ ಅರ್ಧವೂ ಇರಲಿಲ್ಲ.

ನಾನು ಬಂದದ್ದು ಆ ಕಾಗದವನ್ನು ನಂಬಿಕೊಂಡು. ನಾನು ತುಮಕೂರಿನ ಕಡೆಯವಳು, ಇಂಜಿನಿಯರು. ಇದೇ ನಗರದ ಕೊಟ್ಟಾರದಲ್ಲಿ ಹೆದ್ದಾರಿಯ ಬದಿಗೆ ಎರಡನೇ ಮಹಡಿಯಲ್ಲಿ ನಮ್ಮ ಸಣ್ಣ ಕಂಪನಿಯ ಆಫೀಸು. ಕುಡಿಯುವ ನೀರಿನ ಪೈಪುಗಳಲ್ಲಿ ಸೆನ್ಸರ್ ಕೂರಿಸುವ ಗುತ್ತಿಗೆ ನಮ್ಮದಾಗಿತ್ತು. ನೀರಿನಲ್ಲಿ ಕ್ಲೋರಿನ್ ಕಡಿಮೆಯಾದರೆ, ನೀರು ಕದಡಿದರೆ, ಅದು ಕೂಡಲೇ ನಮ್ಮ ಫೋನಿಗೆ ತಿಳಿಸಬೇಕು. ನಮಗೆ ಸಿಕ್ಕಿದ್ದು ಹನ್ನೆರಡು ಸೆನ್ಸರ್. ಪೈಪುಗಳು ಸೇರುವ ಜಾಗಗಳೋ ಸಾವಿರಾರು. ಅಷ್ಟರಲ್ಲಿ ಯಾವ ಹನ್ನೆರಡು ಕಡೆ ಕೂರಿಸಿದರೆ ಕೆಟ್ಟ ನೀರು ಜನರ ಹೊಟ್ಟೆ ಸೇರುವ ಮೊದಲು ಗೊತ್ತಾಗುತ್ತದೆ? ಅದನ್ನು ಲೆಕ್ಕ ಹಾಕಿ ಹೇಳುವವಳು ನಾನು. ಕಂಪ್ಯೂಟರಿನಲ್ಲಿ ಊರಿನ ಪೈಪುಗಳನ್ನೆಲ್ಲ ಕಟ್ಟಿ, ಒಂದೊಂದು ಕಡೆಯಿಂದಲೂ ಸುಳ್ಳು ವಿಷ ಬಿಟ್ಟು, ಅದು ಎಲ್ಲೆಲ್ಲಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ನೋಡುತ್ತಿದ್ದೆ. ಹಾಗೆ ದಿನಕ್ಕೆ ಸಾವಿರ ಸಲ ಇಡೀ ಊರಿಗೆ ವಿಷ ಹಾಕಿ ಸಂಜೆ ನೆಮ್ಮದಿಯಾಗಿ ಗೋಳಿಬಜೆ ತಿನ್ನಲು ಹೋಗುತ್ತಿದ್ದೆ.

ವಾಲ್ವ್‌ಗಳಿರುವ ನೆಲದ ಚೇಂಬರುಗಳನ್ನು ನನಗೆ ತೋರಿಸಲು ಪಾಲಿಕೆಯವರು ನೀರಿನ ಅಣ್ಣನನ್ನು ಜೊತೆಗೆ ಕೊಟ್ಟಿದ್ದರು. ಮೂರು ವಾರ ಅವರ ಹಿಂದೆ ನಡೆದೆ. ನಡೆದೆ ಎನ್ನುವುದಕ್ಕಿಂತ ಓಡಿದೆ ಎಂದರೆ ಸರಿ. ಏರು, ಇಳಿತ, ಮತ್ತೆ ಏರು. ನಾನು ಏದುಸಿರು ಬಿಟ್ಟು ನಿಂತರೆ, "ಕೂತ್ಕೊಳ್ಳಿ ಮೇಡಂ, ನೀರಿಗೂ ಇಲ್ಲಿ ಹೀಗೇ ಸುಸ್ತಾಗ್ತದೆ" ಎನ್ನುತ್ತಿದ್ದರು. ಎತ್ತರದ ಮನೆಗಳಿಗೆ ನೀರು ಏಕೆ ಹತ್ತುವುದಿಲ್ಲ ಎಂಬುದನ್ನು ನಾನು ಆ ಮೆಟ್ಟಿಲುಗಳ ಮೇಲೆ ಕೂತು ಕಲಿತೆ.

ಅವರಿಗೆ ಎಲೆ ಅಡಿಕೆ ಇಲ್ಲ, ಬೀಡಿ ಇಲ್ಲ. ಬೆಳಗಿನ ಚಾ ಕೂಡ ಎಲ್ಲ ಓಣಿಗಳಿಗೂ ನೀರು ಬಿಟ್ಟು ಮುಗಿದ ಮೇಲೆಯೇ. ನಾಲಿಗೆ ಕೆಡಬಾರದು ಎಂಬುದೊಂದೇ ಕಾರಣ. ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಕೆಲಸ ಮುಗಿಯುವ ತನಕ ನೀರಿನ ಅಣ್ಣ ಆ ಜಗಲಿಗೇ ಬರುತ್ತಿರಲಿಲ್ಲ, ಹಿತ್ತಲಿಂದ ಹೊರಗೆ ಹೋಗಿ ಹಿತ್ತಲಿಂದ ಒಳಗೆ ಬರುತ್ತಿದ್ದರು. ನಾನು ಮೊದಲ ಸಲ ಅವರ ಮನೆಗೆ ಹೋದಾಗ ಅಕ್ಕ ನನ್ನ ಹತ್ತಿರ ದೂರು ಹೇಳಿದರು.

"ನಮ್ಮಲ್ಲಿ ಮೀನಿಗೂ ಟೈಮ್‌ಟೇಬಲ್ ಉಂಟು ಮೇಡಂ. ಸಂಜೆ ಒಣಮೀನಿನ ಚಟ್ನಿ ಮಾಡಿದ್ರೆ ಬೆಳಿಗ್ಗೆ ನೀರಿಗೆ ಮೀನಿನ ವಾಸನೆ ಬರ್ತದಂತೆ. ನೀರಿಗೆ ಬರುವುದಲ್ಲ, ಇವರ ಬಾಯಿಗೆ."

"ನಿನಗೆ ಎಂತ ಗೊತ್ತುಂಟು?" ಎಂದರು ನೀರಿನ ಅಣ್ಣ ಒಳಗಿನಿಂದ.

"ನನಗೆ ಎಂತದೂ ಗೊತ್ತಿಲ್ಲ ಮಾರಾಯ್ರೆ. ಮದುವೆಯಾದ ಮೇಲೆ ನಾನು ಭಾನುವಾರ ಮಾತ್ರ ಒಣಮೀನು ತಿಂದದ್ದು, ಅದು ಗೊತ್ತುಂಟು."

ಅಂಥ ನಗುವಿನ ಮನೆ ಅದು.

ನೀರಿಗೆ ಮದ್ದಿನ ವಾಸನೆ ಎಂದು ಊರವರೆಲ್ಲ ಗೊಣಗುತ್ತಾರಲ್ಲ, ನೀರಿನ ಅಣ್ಣನಿಗೆ ಅದೇ ಬೇಕಾಗಿತ್ತು. ಕ್ಲೋರಿನ್ನಿಗೆ ಅವರು ಮದ್ದು ಎಂದೇ ಹೇಳುತ್ತಿದ್ದುದು. "ವಾಸನೆ ಬಂದ್ರೆ ಹೆದರ್ಲಿಕ್ಕಿಲ್ಲ ಮೇಡಂ. ಮದ್ದು ಇನ್ನೂ ಉಳಿದುಂಟು ಅಂತ ಅರ್ಥ. ನೀರು ಸಪ್ಪೆಯಾಗಿ, ಕುಡೀಲಿಕ್ಕೆ ಬಹಳ ಚಂದ ಉಂಟು ಅಂತ ಆದ್ರೆ, ಆಗ ಹೆದರ್ಬೇಕು. ಮದ್ದನ್ನು ಯಾರೋ ತಿಂದಿದ್ದಾರೆ." ಕೊಳೆ ಸೇರಿದ ನೀರಿನಲ್ಲಿ ಕ್ಲೋರಿನ್ ಉಳಿಯುವುದಿಲ್ಲ ಎಂಬುದನ್ನು ನಾನು ಕಾಲೇಜಿನಲ್ಲಿ ಎರಡು ಅಧ್ಯಾಯ ಓದಿ ಪರೀಕ್ಷೆ ಬರೆದಿದ್ದೆ. ಅವರು ನಾಲ್ಕು ಮಾತಿನಲ್ಲಿ ಮುಗಿಸಿದರು. ಬಾಯಿಗೆ ಹಾಕಿದ್ದನ್ನು ಉಗುಳಬಾರದೇ ಎಂದು ಒಮ್ಮೆ ಕೇಳಿದೆ. "ಜನ ಉಗುಳ್ತಾರಾ? ಅವರು ನುಂಗುವುದಲ್ವಾ? ನಾನೂ ನುಂಗ್ಬೇಕು" ಎಂದರು.

ಅವರ ಪಾಳಿಯಲ್ಲಿ ಒಂಬತ್ತು ಓಣಿಗಳಿದ್ದವು. ಒಂಬತ್ತನೆಯದು ಅವರ ಸ್ವಂತ ಓಣಿ. ದಿನವೂ ಅದೇ ಕೊನೆ. ನಿಯಮವೇನೂ ಹಾಗಿರಲಿಲ್ಲ, ಅದು ಅವರೇ ಮಾಡಿಕೊಂಡದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಲಿನ ಓಣಿಯ ಹೆಂಗಸೊಬ್ಬಳು ಜಗಳದ ನಡುವೆ, ನಿನ್ನ ಮನೆಯ ಹಂಡೆ ತುಂಬಿದ ಮೇಲೆ ತಾನೇ ನಮಗೆ ನೀರು, ಎಂದಿದ್ದಳಂತೆ. ಮರುದಿನದಿಂದ ತಮ್ಮ ಓಣಿಯನ್ನು ಕೊನೆಗೆ ಹಾಕಿದರು. ಟ್ಯಾಂಕಿಯಲ್ಲಿ ನೀರು ಕಡಿಮೆಯಾದ ದಿನ ಆ ಓಣಿಗೆ ಹತ್ತು ನಿಮಿಷ ಸಿಕ್ಕಿದರೆ ಹೆಚ್ಚು. ಓಣಿಯವರು ಮೊದಮೊದಲು ಬೈದರು, ಆಮೇಲೆ ಒಗ್ಗಿಕೊಂಡರು, ಕಡೆಗೆ ಅದು ಆ ಓಣಿಯ ಹೆಮ್ಮೆಯೂ ಆಯಿತು.

ಆ ಹೆಮ್ಮೆಯಲ್ಲಿ ಒಂದು ಅಪಾಯ ಇತ್ತು. ಅದನ್ನು ನನಗೆ ತೋರಿಸಿದ್ದೂ ಅವರೇ.

ಒಂದು ದಿನ ಕೆಲಸ ಮುಗಿದು ವಾಲ್ವ್ ಮುಚ್ಚಿದ ಕೂಡಲೇ ನನ್ನನ್ನು ಓಣಿಯ ತುದಿಗೆ ಕರೆದುಕೊಂಡು ಹೋದರು. ಬೇಲಿಯಿಂದ ಒಂದು ದಾಸವಾಳದ ಎಲೆ ಕಿತ್ತು, ಒದ್ದೆ ಮಾಡಿ, ತೆರೆದಿದ್ದ ನಳ್ಳಿಯ ಬಾಯಿಗೆ ಒತ್ತಿ ಕೈ ಬಿಟ್ಟರು. ಎಲೆ ಬೀಳಲಿಲ್ಲ. ನಡುವೆ ತಗ್ಗಾಗಿ, ನಳ್ಳಿಯ ಒಳಕ್ಕೆ ಎಳೆದುಕೊಂಡು ಹಾಗೆಯೇ ನಿಂತಿತು.

"ನೋಡಿ. ನೀರು ನಿಂತ ಮೇಲೆ ಪೈಪು ಉಸಿರು ಒಳಗೆ ಎಳ್ಕೊಳ್ತದೆ. ಎಲೆ ಆದ್ರೆ ಎಲೆ. ಪಕ್ಕದಲ್ಲಿ ಚರಂಡಿ ಇದ್ರೆ ಚರಂಡಿ. ಪೈಪಿನಲ್ಲಿ ಎಲ್ಲಿಯಾದ್ರೂ ಒಂದು ಸಣ್ಣ ಬಿರುಕು ಉಂಟು ಅಂತ ಆದ್ರೆ ಮುಗೀತು." ಓಣಿಯ ಉದ್ದಕ್ಕೂ ಪೈಪಿನ ಮಗ್ಗುಲಲ್ಲೇ ಚರಂಡಿ ಹರಿಯುತ್ತಿತ್ತು. "ಎಲ್ಲ ಓಣಿಗಿಂತ ಹೆಚ್ಚು ಹೊತ್ತು ಖಾಲಿ ಇರುವುದು ಈ ಓಣಿಯ ಪೈಪು. ಅದಕ್ಕೇ ಇಲ್ಲಿ ಮೊದಲ ಐದು ನಿಮಿಷದ ನೀರು ಚೆಲ್ಲಿ, ಆಮೇಲೆ ಬಾಯಿಗೆ ಹಾಕಿ ನೋಡುವುದು." ಆಮೇಲೆ ನನ್ನ ಲ್ಯಾಪ್‌ಟಾಪಿನ ಚೀಲದ ಕಡೆ ಗಲ್ಲ ಎತ್ತಿ ತೋರಿಸಿ ಕೇಳಿದರು. "ನಿಮ್ಮ ಕಂಪ್ಯೂಟರಿನಲ್ಲಿ ನೀರು ನಿಲ್ಲುವುದುಂಟಾ ಮೇಡಂ?"

ನಿಲ್ಲುತ್ತಿರಲಿಲ್ಲ. ನನ್ನ ಕಂಪ್ಯೂಟರಿನ ಊರಿನಲ್ಲಿ ಇಪ್ಪತ್ತನಾಲ್ಕು ಗಂಟೆಯೂ ನೀರು. ಮುಂದೆ ಎಂದಾದರೂ ಹಾಗೆ ಬರಲಿದೆ ಎಂದು ಗುತ್ತಿಗೆಯ ಕಾಗದದಲ್ಲಿ ಬರೆದಿತ್ತು, ನಾನು ಅದನ್ನೇ ಹಿಡಿದು ಲೆಕ್ಕ ಹಾಕಿದ್ದೆ. ಪುಸ್ತಕದಲ್ಲಿ "ನೀರು ನಿಲ್ಲಿಸಿ ಮತ್ತೆ ನೋಡಬೇಕು" ಎಂದು ಬರೆದುಕೊಂಡೆ. ಕೆಳಗೆ ಎರಡು ಗೆರೆಯನ್ನೂ ಎಳೆದೆ. ಆದರೆ ವರದಿ ಕೊಡಲು ಒಂಬತ್ತೇ ದಿನ ಉಳಿದಿತ್ತು, ಲೆಕ್ಕ ಮೊದಲಿಂದ ಕಟ್ಟಬೇಕಾಗಿತ್ತು. ನಾನು ಕಟ್ಟಲಿಲ್ಲ.

ಪಟ್ಟಿ ಅಂತಿಮ ಮಾಡುವ ಸಭೆಗೆ ನೀರಿನ ಅಣ್ಣನನ್ನೂ ಕರೆದಿದ್ದರು. ಕರೆಸಿದ್ದು ನಾನೇ, ಅದರಲ್ಲಿ ನನಗೊಂದು ದೊಡ್ಡಸ್ತಿಕೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಎಷ್ಟು ಹೇಳಿದರೂ ಕೇಳದೆ ಚಪ್ಪಲಿಯನ್ನು ಏಸಿ ಕೋಣೆಯ ಹೊರಗೆ ಬಿಟ್ಟರು. ಮೇಜಿನ ಮೇಲೆ ನಕ್ಷೆ, ನಕ್ಷೆಯ ಮೇಲೆ ಹನ್ನೆರಡು ಕೆಂಪು ಚುಕ್ಕೆ. ನಮ್ಮ ಮ್ಯಾನೇಜರ್ ಸೌಜನ್ಯಕ್ಕೆ, "ನೀವೇನಾದರೂ ಹೇಳುವುದಿದೆಯಾ?" ಎಂದರು. ಇನ್ನೂ ಐದಾರು ಮಂದಿ ಇದ್ದರು.

ನೀರಿನ ಅಣ್ಣ ಬಹಳ ಹೊತ್ತು ನಕ್ಷೆಯನ್ನು ನೋಡಿದರು. ಆಮೇಲೆ ಒಂದು ಸಣ್ಣ ಗೆರೆಯ ತುದಿಗೆ ಬೆರಳಿಟ್ಟು, "ಇಲ್ಲಿ ಒಂದು ಬೇಕು" ಎಂದರು.

ಅಲ್ಲಿ ಚುಕ್ಕೆ ಇರಲಿಲ್ಲ. ಹತ್ತಿರದ ಚುಕ್ಕೆ ಮುಖ್ಯ ರಸ್ತೆಯಲ್ಲಿತ್ತು, ಆ ಓಣಿಗೆ ನೀರು ಕವಲೊಡೆಯುವುದಕ್ಕೆ ಮೊದಲೇ. ಓಣಿಯ ಒಳಗೆ ಏನಾದರೂ ಸೇರಿದರೆ ಅದು ಓಣಿಯವರ ಕೊಡಪಾನಕ್ಕೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಹರಿದು ಮುಖ್ಯ ರಸ್ತೆಯ ಸೆನ್ಸರಿಗೆ ಕಾಣಿಸುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೆ ಇಪ್ಪತ್ತೆರಡು ಮನೆಯ ಓಣಿ, ನನ್ನ ಲೆಕ್ಕದಲ್ಲಿ ಅದರ ತೂಕ ಏನೇನೂ ಇರಲಿಲ್ಲ. ಅವರ ಮಾತು ಒಪ್ಪಿದರೆ ಇನ್ನೊಂದು ಚುಕ್ಕೆ ತೆಗೆಯಬೇಕು, ಏಕೆ ತೆಗೆದೆ ಎಂದು ಬರೆಯಬೇಕು. ನನಗೆ ನನ್ನ ಪಟ್ಟಿ ಅಲುಗುವುದು ಬೇಡವಾಗಿತ್ತು. ಅದಕ್ಕೆ ನಗುತ್ತಾ, "ಅದು ನಿಮ್ಮ ಮನೆ ಇರುವ ಓಣಿ ಅಲ್ವಾ ಅಣ್ಣ?" ಎಂದೆ.

ಕೋಣೆಯಲ್ಲಿ ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಮಧ್ಯಾಹ್ನದ ಊಟಕ್ಕೆ ಮುಂಚಿನ ಹಗುರ ನಗು. ನೀರಿನ ಅಣ್ಣನ ಮುಖ ಕಿವಿಯವರೆಗೆ ಕೆಂಪಾಯಿತು. ನಕ್ಷೆಯ ಮೇಲಿದ್ದ ಬೆರಳನ್ನು ಹಿಂದಕ್ಕೆ ಎಳೆದುಕೊಂಡರು.

"ಹೌದು ಮೇಡಂ. ನನ್ನ ಮನೆ ಉಂಟು ಅಲ್ಲಿ. ಹಾಗಾದ್ರೆ ಅದು ಬೇಡ. ಊರಿಗೆ ಎಲ್ಲಿ ಬೇಕೋ ಅಲ್ಲಿ ಹಾಕಿ."

"ಅಯ್ಯೋ, ಅವರು ತಮಾಷೆಗೆ ಹೇಳಿದ್ದು" ಎಂದರು ಮ್ಯಾನೇಜರ್.

"ತಮಾಷೆ ಅಂತ ಗೊತ್ತುಂಟು ಸರ್. ಆದ್ರೂ ಬೇಡ."

ಮೆಟ್ಟಿಲು ಇಳಿಯುವಾಗ, ಬೇಜಾರಾಯಿತಾ ಎಂದು ಕೇಳಿದೆ. "ಎಂತ ಬೇಜಾರು ಮೇಡಂ. ನಾಳೆ ಯಾರಾದ್ರೂ ಕೇಳ್ಬಹುದಲ್ಲ, ಇವನ ಮನೆ ಹತ್ರ ಯಾಕೆ ಮಿಷನ್ ಅಂತ. ನನಗೆ ಉತ್ತರ ಕೊಡ್ಲಿಕ್ಕೆ ಬರುವುದಿಲ್ಲ." ಮೂವತ್ತು ವರ್ಷ ತಮ್ಮ ಓಣಿಯನ್ನು ಕೊನೆಯಲ್ಲಿ ನಿಲ್ಲಿಸಿದವರ ಮೇಲೆ ನಾನು ಸ್ವಂತ ಮನೆಯ ಮಾತು ಎತ್ತಿದ್ದೆ. ಬೇರೆ ಯಾವ ಮಾತಿಗೂ ಅವರು ಹಾಗೆ ಹಿಂದೆ ಸರಿಯುತ್ತಿರಲಿಲ್ಲ. ಅದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಪಟ್ಟಿ ಹಾಗೆಯೇ ಉಳಿದ ಖುಷಿಯಲ್ಲಿ ನಾನು ಊಟಕ್ಕೆ ಹೋದೆ.

ಹನ್ನೆರಡು ಸೆನ್ಸರುಗಳೂ ಕೂತವು. ಆಫೀಸಿನ ಪರದೆಯ ಮೇಲೆ, ನನ್ನ ಫೋನಿನ ಮೇಲೆ ಹನ್ನೆರಡು ಹಸಿರು ಗುರುತು. ನೀರಿನ ಅಣ್ಣ ಆಗಾಗ ಸಿಗುತ್ತಿದ್ದರು. "ನಿಮ್ಮ ಮಿಷನ್‌ಗೆ ಮೀನು ಇಲ್ಲ, ಚಾ ಇಲ್ಲ, ಪುಣ್ಯವಂತ" ಎಂದು ತಮಾಷೆ ಮಾಡುತ್ತಿದ್ದರು. ಅದರ ಮೇಲೆ ಅವರಿಗೆ ನಿಜವಾದ ಗೌರವ ಇತ್ತು. ಸ್ವಲ್ಪ ಹೆಚ್ಚೇ ಇತ್ತು ಎಂದು ಈಗ ಅನಿಸುತ್ತದೆ.

ಬೇಸಿಗೆ ಬಂತು. ನದಿಯಲ್ಲಿ ನೀರು ಇಳಿದು ದಿನ ಬಿಟ್ಟು ದಿನ ಬಿಡುವ ಪದ್ಧತಿ ಶುರುವಾಯಿತು. ಪೈಪುಗಳು ಇನ್ನೂ ಹೆಚ್ಚು ಹೊತ್ತು ಖಾಲಿ. ಅದೇ ವಾರ ಯಾರೋ ಕೇಬಲ್ಲಿಗಾಗಿ ನೀರಿನ ಅಣ್ಣನ ಓಣಿಯನ್ನು ಅಗೆದು ಮುಚ್ಚಿ ಹೋಗಿದ್ದರು. ಚರಂಡಿಯ ಪಕ್ಕದಲ್ಲಿ ಪೈಪಿಗೆ ಪೆಟ್ಟು ಬಿದ್ದದ್ದು ಆಮೇಲೆ ಗೊತ್ತಾದದ್ದು.

ಒಂದು ಬೆಳಿಗ್ಗೆ ನಾನು ಬಾಡಿಗೆ ಮನೆಯಲ್ಲಿ ನೀರುದೋಸೆ ತಿನ್ನುತ್ತಿದ್ದಾಗ ನೀರಿನ ಅಣ್ಣನ ಫೋನು ಬಂತು. ಅವರಾಗಿ ನನಗೆ ಫೋನ್ ಮಾಡಿದ್ದು ಅದೇ ಮೊದಲು.

"ಮೇಡಂ, ನಮ್ಮ ಓಣಿಯ ನೀರು ಸಪ್ಪೆ ಉಂಟು. ಮದ್ದು ಗೊತ್ತೇ ಆಗುವುದಿಲ್ಲ. ಹತ್ತು ನಿಮಿಷ ಚೆಲ್ಲಿ ನೋಡಿದೆ, ಹಾಗೇ ಉಂಟು." ಹಿಂದೆ ಹೆಂಗಸರ ಗಲಾಟೆ ಕೇಳುತ್ತಿತ್ತು. ಎರಡು ದಿನದಿಂದ ಮನೆಯಲ್ಲಿ ನೀರಿಲ್ಲದವರ ಕಣ್ಣೆದುರಿಗೆ ಹತ್ತು ನಿಮಿಷದ ನೀರು ಚರಂಡಿಗೆ ಹೋಗಿತ್ತು. "ಇವರು ಬಿಡಿ ಬಿಡಿ ಅಂತಾರೆ. ಬಂದ್ ಮಾಡಿದ್ರೆ ಇನ್ನು ನಾಡಿದ್ದೇ. ನಿಮ್ಮ ಮಿಷನ್ ಎಂತ ಹೇಳ್ತದೆ?"

ನಾನು ಎಡಗೈಯಲ್ಲಿ ಫೋನಿನ ಪರದೆ ತೆರೆದು ನೋಡಿದೆ. "ಹನ್ನೆರಡೂ ಹಸಿರು ಇದೆ ಅಣ್ಣ" ಎಂದೆ.

"ಹಾಗಾದ್ರೆ ನನ್ನ ನಾಲಿಗೆಗೆ ವಯಸ್ಸಾಯ್ತು" ಎಂದು ನಕ್ಕು ಫೋನ್ ಇಟ್ಟರು.

ನಾನು ಸುಳ್ಳು ಹೇಳಿರಲಿಲ್ಲ. ಹನ್ನೆರಡೂ ಹಸಿರೇ ಇದ್ದವು. ಅವುಗಳಲ್ಲಿ ಒಂದಕ್ಕೂ ಅವರ ಓಣಿಯ ನೀರು ಕಾಣುವುದಿಲ್ಲ ಎಂಬ ಒಂದು ಮಾತನ್ನು ಮಾತ್ರ ನಾನು ಹೇಳಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ನೆನಪೇ ಆಗಲಿಲ್ಲ. ದೋಸೆ ಆರುತ್ತಿತ್ತು, ಹಸಿರು ಕಂಡಿತು, ಹೇಳಿದೆ. ಇದನ್ನು ಎಷ್ಟು ಸಲ ಬರೆದರೂ ನನಗೆ ಕ್ಷಮೆಯಾಗಿ ಕಾಣುವುದಿಲ್ಲ.

ಆಮೇಲೆ ಅಲ್ಲಿ ನಡೆದದ್ದನ್ನು ಅವರ ಎದುರು ಮನೆಯ ಹೆಂಗಸು ನನಗೆ ಹೇಳಿದರು. ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಅವರು ಮತ್ತು ಅತ್ತೆ, ಒಬ್ಬಳು ಮಗಳು. ನೀರಿನ ಅಣ್ಣ ಫೋನ್ ಜೇಬಿಗೆ ಹಾಕಿಕೊಂಡು, "ಮೇಡಂ ಹೇಳಿದ್ರು, ಸರಿ ಉಂಟಂತೆ" ಎಂದರಂತೆ. ಅವರ ಮುಖದಲ್ಲಿ ಅನುಮಾನ ಕಂಡು ಹೆಂಗಸರೂ ಹಿಂಜರಿದರು. ಅದಕ್ಕೆ ನೀರಿನ ಅಣ್ಣ ಮನೆಯೊಳಗಿನಿಂದ ಲೋಟ ತರಿಸಿ, ತುಂಬಿಸಿ, ಎಲ್ಲರೂ ನೋಡುವಂತೆ ಪೂರ್ತಿ ಕುಡಿದರು. ಆಮೇಲೆ ಕೊಡಪಾನಗಳು ಮುಂದೆ ಬಂದವು. ಹಾಗೆ ಮುಂದಿನ ಪಾಳಿಗಳಲ್ಲೂ ಆ ನೀರೇ ಹೋಯಿತು. ಪ್ರತಿ ಸಲವೂ ಅವರು ಮೊದಲು ಕುಡಿದರು. ನನಗೆ ಮತ್ತೆ ಫೋನ್ ಮಾಡಲಿಲ್ಲ.

ಒಂದು ತಿಂಗಳಾದ ಮೇಲೆ ಓಣಿಯಲ್ಲಿ ಕಾಮಾಲೆ ಕಾಣಿಸಿತು. ಏಳೆಂಟು ಮನೆಗಳಲ್ಲಿ, ಒಂದಾದ ಮೇಲೆ ಒಂದು. ಎದುರು ಮನೆಯ ಮಗುವಿಗೂ ಬಂತು. ಬಾವಿ ಇದ್ದವರಿಗೆ ಬರಲಿಲ್ಲ, ನಳ್ಳಿಯ ನೀರು ಕುಡಿದವರಿಗೆ ಬಂತು. ಪರೀಕ್ಷೆ ಮಾಡುವವರು ಬಂದರು, ಅಗೆದರು, ಬಿರುಕು ಸಿಕ್ಕಿತು. ಮಕ್ಕಳು, ಹರೆಯದವರು ಎಲ್ಲ ಗುಣವಾದರು. ನೀರಿನ ಅಣ್ಣ ಗುಣವಾಗಲಿಲ್ಲ. ಮೊದಲು ಮನೆಯಲ್ಲೇ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿದರು, ಗಂಜಿ ಉಂಡರು, ಪಥ್ಯ ಮಾಡಿದರು. ಆ ಸ್ಥಿತಿಯಲ್ಲೂ ಹತ್ತು ದಿನ ಕೀ ಹೊತ್ತುಕೊಂಡು ಕೆಲಸಕ್ಕೆ ಹೋದರಂತೆ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಲಿವರ್ ಕೆಲಸ ಬಿಟ್ಟಿತ್ತು.

ನಾನು ನೋಡಲು ಹೋದೆ. ಹೋಗಲು ಮೂರು ದಿನ ಧೈರ್ಯ ಬರಲಿಲ್ಲ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ. ಮಂಚದ ಮೇಲೆ ಅವರು ಬಹಳ ಸಣ್ಣಗಾಗಿದ್ದರು. ಕಣ್ಣು ಹಳದಿ, ಅಂಗೈ ಹಳದಿ. ನನ್ನನ್ನು ಕಂಡು ಎದ್ದು ಕೂರಲು ನೋಡಿದರು. ಅಕ್ಕ ಹೆಗಲು ಹಿಡಿದು ಮಲಗಿಸಿದರು.

"ಎದುರು ಮನೆ ಮಗು ಹೇಗುಂಟು?" ಎಂದು ಕೇಳಿದರು.

ಶಾಲೆಗೆ ಹೋಗುತ್ತಿದ್ದಾಳೆ ಎಂದೆ.

"ನಾನೇ ಕುಡಿದು ತೋರಿಸಿದ್ದು ಅಲ್ವಾ. ನಾನು ಕುಡಿಯದಿದ್ರೆ ಅವರು ತಗೊಳ್ತಿರ್ಲಿಲ್ಲ." ಅವರ ದನಿ ಕೇಳಿಸುತ್ತಲೇ ಇರಲಿಲ್ಲ. "ಓಣಿಯವರು ಎಂತ ಹೇಳ್ತಾರೆ ಈಗ? ಇಷ್ಟು ವರ್ಷ ಬಾಯಿಗೆ ಹಾಕಿ ನೋಡಿದವನಿಗೆ ಇದೊಂದು ಗೊತ್ತಾಗ್ಲಿಲ್ಲ ಅಂತ ಹೇಳ್ತಾರಾ?"

ಅದೇ ಅವರನ್ನು ತಿನ್ನುತ್ತಿದ್ದುದು, ಕಾಮಾಲೆಯಲ್ಲ. ನಾನು ಮಂಚದ ಹತ್ತಿರ ಬಗ್ಗಿ ಎಲ್ಲವನ್ನೂ ಹೇಳಿದೆ. ಹತ್ತಿರದ ಸೆನ್ಸರು ಓಣಿಗಿಂತ ಮೊದಲೇ ಇದೆ, ಓಣಿಯ ಒಳಗೆ ಸೇರಿದ್ದು ಅದಕ್ಕೆ ಎಂದಿಗೂ ಕಾಣುವುದಿಲ್ಲ, ಹಸಿರು ಇದ್ದದ್ದು ಬೇರೆಯವರ ನೀರಿಗೆ, ನಿಮ್ಮ ನೀರಿಗಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ನಿಮ್ಮ ನಾಲಿಗೆ ಸರಿಯಾಗಿಯೇ ಹೇಳಿತ್ತು ಅಣ್ಣ.

ಅವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. ಪರವಾಗಿಲ್ಲ ಎನ್ನಲೂ ಇಲ್ಲ.

"ಅದನ್ನು ಆವತ್ತು ಫೋನಿನಲ್ಲಿ ಹೇಳಿದ್ರೆ ಸಾಕಿತ್ತು ಮೇಡಂ. ನಾನು ಬಂದ್ ಮಾಡ್ತಿದ್ದೆ."

ಆಮೇಲೆ, "ಓಣಿಯವರಿಗೆ ಹೇಳಿ. ನೀವೇ ಹೇಳಿ" ಎಂದರು. ಹೇಳುತ್ತೇನೆ ಎಂದೆ. ನಾಲ್ಕನೇ ದಿನ ಅವರು ತೀರಿಕೊಂಡರು.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಓಣಿಯವರೆಲ್ಲ ಅಂಗಳದಲ್ಲಿದ್ದರು. ಊಟದ ಎಲೆ ಹಾಕುವ ಮೊದಲು ನಾನು ಎದ್ದು ನಿಂತೆ. ನಾಲ್ಕೇ ಮಾತು ಹೇಳಿದೆ. ಅಣ್ಣನಿಗೆ ಗೊತ್ತಾಗಿತ್ತು, ಅವರು ನನ್ನನ್ನು ಕೇಳಿದ್ದರು, ನಾನು ಸರಿ ಇದೆ ಎಂದದ್ದರಿಂದ ನೀರು ಬಿಟ್ಟರು, ತಪ್ಪು ನನ್ನದು. ಯಾರೂ ಕೂಗಾಡಲಿಲ್ಲ. ಒಂದಿಬ್ಬರು ನೆಲ ನೋಡಿದರು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಎದುರು ಮನೆಯ ಹೆಂಗಸು ಹೇಳಿದರು. "ಅಣ್ಣನಿಗೆ ತಪ್ಪಿತು ಅಂತ ಈ ಓಣಿಯಲ್ಲಿ ಯಾರೂ ಹೇಳ್ಲಿಲ್ಲ ಮೇಡಂ. ಒಬ್ಬರೂ ಹೇಳ್ಲಿಲ್ಲ. ನಾವು ಆಸ್ಪತ್ರೆಗೆ ಹೋಗಿ ಅವರಿಗೆ ಅದನ್ನು ಹೇಳ್ಬೇಕಿತ್ತು. ನಮಗೆ ತೋಚ್ಲಿಲ್ಲ." ಅದನ್ನು ಕೇಳಿ ನನಗೆ ಅಳು ಬಂತು. ಯಾರೂ ಹೊರಿಸದ ಅಪವಾದವನ್ನು ಅವರು ಹೊತ್ತುಕೊಂಡು ಹೋಗಿದ್ದರು.

ಆಮೇಲೆ ನಾನು ಲೆಕ್ಕವನ್ನು ಮೊದಲಿಂದ ಕಟ್ಟಿದೆ. ಈ ಸಲ ನೀರನ್ನು ನಿಲ್ಲಿಸಿದೆ. ಪಾಳಿ, ಖಾಲಿ ಪೈಪು, ಮಗ್ಗುಲಿನ ಚರಂಡಿ, ಎಲ್ಲವನ್ನೂ ನೀರಿನ ಅಣ್ಣ ನಡೆಸಿಕೊಂಡು ಹೋದ ಹಾಗೆಯೇ ಸೇರಿಸಿದೆ. ಎರಡು ತಿಂಗಳು ಹಿಡಿಯಿತು. ಹನ್ನೆರಡರಲ್ಲಿ ಐದು ಜಾಗ ಬದಲಾದವು. ಬದಲಾದ ಐದರಲ್ಲಿ ಒಂದು ಆ ಓಣಿಯ ತುದಿ. ವರದಿ ಒಪ್ಪಿಗೆಯಾಗಿ ಹೋಗಿದೆ, ಒಂದು ಓಣಿಗೋಸ್ಕರ ಎಲ್ಲ ಕದಡಬೇಡಿ ಎಂದು ಮ್ಯಾನೇಜರ್ ಹೇಳಿದರು. ನಾನು ಅವರೊಂದಿಗೆ ಜಗಳವಾಡಿದೆ, ಅತ್ತುಬಿಟ್ಟೆ, ಕಡೆಗೆ ಆ ಸಭೆಯಲ್ಲಿ ಎಲ್ಲರೂ ಯಾವ ಮಾತಿಗೆ ನಕ್ಕಿದ್ದೆವು ಎಂಬುದನ್ನು ಬರೆದು ವರದಿಗೆ ಸೇರಿಸುತ್ತೇನೆ ಎಂದೆ. ಒಪ್ಪಿದರು. ನಾನು ಅದನ್ನು ಬರೆದು ಸೇರಿಸಿಯೂ ಸೇರಿಸಿದೆ. ಆ ಜಾಗವನ್ನು ಸೂಚಿಸಿದವರು ಯಾರು ಎಂಬ ಕಡೆ ಅವರ ಪೂರ್ತಿ ಹೆಸರಿದೆ.

ಇಂದು ನನಗೆ ಈ ಕೆಲಸ ಗೊತ್ತಿದ್ದರೆ ಅದು ಅವರಿಂದ ಕಲಿತದ್ದು. ಹೊಸ ಊರಿಗೆ ಹೋದಾಗ ಕಂಪ್ಯೂಟರ್ ತೆರೆಯುವ ಮೊದಲು ಅಲ್ಲಿ ನೀರು ಬಿಡುವವರು ಯಾರೆಂದು ವಿಚಾರಿಸುತ್ತೇನೆ, ಅವರ ಹಿಂದೆ ನಡೆಯುತ್ತೇನೆ. ಎಲ್ಲಿ ಹಸಿರು ಕಾಣುತ್ತದೋ ಅಲ್ಲಿ, ಇದು ಯಾರ ನೀರು ಎಂದು ಎರಡು ಸಲ ಕೇಳಿಕೊಳ್ಳುತ್ತೇನೆ. ಇದನ್ನೆಲ್ಲ ನಾನು ಕಲಿಯಲು ಒಬ್ಬರ ಜೀವ ಹೋಯಿತು.

ಓಣಿಯ ತುದಿಯಲ್ಲಿ ಸೆನ್ಸರ್ ಕೂರಿಸಿದ ದಿನ ನಾನೂ ಹೋಗಿದ್ದೆ. ಫಿಟ್ಟರುಗಳು ಪೆಟ್ಟಿಗೆಯ ಬೋಲ್ಟು ಬಿಗಿ ಮಾಡಿ, ಸಾಮಾನು ಎತ್ತಿಕೊಂಡು ಗಾಡಿಯ ಕಡೆ ಹೋದರು. ಅಕ್ಕ ಜಗಲಿಯಿಂದ ಎದ್ದು, ಕೈಗೆ ಹತ್ತಿದ ತಂಬಾಕಿನ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದರು. ಪೆಟ್ಟಿಗೆಯನ್ನು ಸುತ್ತಲೂ ನೋಡಿದರು.

"ಇದು ಎಂತ ಮಾಡ್ತದೆ ಮೇಡಂ?"

"ನೀರಿನಲ್ಲಿ ಮದ್ದು ಕಡಿಮೆಯಾದರೆ ಇದಕ್ಕೆ ಗೊತ್ತಾಗುತ್ತೆ ಅಕ್ಕ. ಗೊತ್ತಾದ ಕೂಡಲೇ ಫೋನಿಗೆ ತಿಳಿಸುತ್ತೆ."

"ಯಾರ ಫೋನಿಗೆ?"

"ನನ್ನ ಫೋನಿಗೆ."

ಅಕ್ಕ ಪೆಟ್ಟಿಗೆಯ ಮೇಲೆ ಬಿದ್ದಿದ್ದ ಮಣ್ಣನ್ನು ಬೆರಳಿನಿಂದ ಒರೆಸಿದರು. ನನ್ನ ಮುಖ ನೋಡಲಿಲ್ಲ.

"ಅವರೂ ನಿಮಗೇ ಅಲ್ವಾ ಮೇಡಂ ಫೋನ್ ಮಾಡಿದ್ದು" ಎಂದರು.